ಇಷ್ಟು ದೂರ ಬಂದು ಹಾಗೇ ಹೋಗ್ತೀರಾ?

ಬೇಸಿಗೆ ರಜೆಯಲ್ಲಿ ಬೇರೆಯವರು ಬೆಟ್ಟಕ್ಕೆ ಹೊರಟರೆ ಬೆಟ್ಟ ತಲುಪುತ್ತಾರೆ, ಹೊಳೆಗೆ ಹೊರಟರೆ ಹೊಳೆ ತಲುಪುತ್ತಾರೆ. ನಾವು ಎಲ್ಲಿಗೆ ಹೊರಟರೂ ತಲುಪುವುದು ಊಟದ ಎಲೆಯ ಮುಂದೆ. ಹದಿನಾರು ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ, ನಿಲ್ಲುವ ಸೂಚನೆಯೂ ಇಲ್ಲ.

ಕಾರಣ ದೊಡ್ಡದೇನಲ್ಲ. ನಮ್ಮದು ಹಾಸನ. ಯಜಮಾನರಿಗೆ ಪಂಪ್‌ಸೆಟ್ ಸಾಮಾನಿನ ಅಂಗಡಿ, ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. ಮನೆಯಲ್ಲಿ ಅತ್ತೆ, ಏಳನೇ ಕ್ಲಾಸಿನ ಮಗಳು. ಇಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ. ಆದರೆ ಹಾಸನದಿಂದ ಯಾವ ರಸ್ತೆ ಹಿಡಿದರೂ ಅದರಲ್ಲಿ ಯಜಮಾನರ ಕಡೆಯ ನೆಂಟರೊಬ್ಬರು ಇದ್ದೇ ಇದ್ದಾರೆ. ಚನ್ನರಾಯಪಟ್ಟಣದಲ್ಲಿ ನಾದಿನಿ, ಹೊಳೆನರಸೀಪುರ ದಾಟಿದರೆ ಹಳ್ಳಿಮೈಸೂರಿನಲ್ಲಿ ಇವರ ಸೋದರಮಾವ, ಅರಕಲಗೂಡಿನಲ್ಲಿ ಚಿಕ್ಕಪ್ಪ. ಅವರ ಊರಿನ ಮೇಲೆ ಹೋಗಿ ಅವರ ಮನೆಗೆ ಹೋಗದಿರುವುದು ಅತ್ತೆಯ ಪ್ರಕಾರ ಅಪರಾಧ. ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸುವುದು ಆ ನೆಂಟರ ಪ್ರಕಾರ ಅದಕ್ಕಿಂತ ದೊಡ್ಡ ಅಪರಾಧ.

ನನಗೆ ಬೇಕಾಗಿದ್ದದ್ದು ಒಂದೇ ಒಂದು. ನಾನು ಹುಟ್ಟಿ ಬೆಳೆದದ್ದು ತಿಪಟೂರಿನ ಕಡೆ. ಕೆರೆಯಲ್ಲಿ ಎಮ್ಮೆ ಮುಳುಗುವಷ್ಟು ನೀರು ನಿಂತರೆ ಊರೆಲ್ಲ ನೋಡಲು ಹೋಗುತ್ತಿದ್ದೆವು. ಹೆಣ್ಣು ನೋಡಲು ಬಂದಾಗ ಇವರು, "ನಿಮಗೇನಿಷ್ಟ?" ಅಂದರು. "ಒಂದ್ಸಲ ದೋಣಿ ಹತ್ತಬೇಕು," ಅಂದೆ. "ಅದೇನ್ ಮಹಾ, ನಮ್ಮ ಜಿಲ್ಲೆ ತುಂಬಾ ಹೊಳೆನೇ," ಅಂದರು. ಆ ಮಾತಿನ ಮೇಲೆ ನಂಬಿಕೆ ಇಟ್ಟು ಮದುವೆಯಾದೆ. ಹೊಳೆಗಳಿರುವುದು ಸುಳ್ಳಲ್ಲ. ಎಲ್ಲವನ್ನೂ ಕಾರಿನ ಕಿಟಕಿಯಿಂದ ನೋಡಿದ್ದೇನೆ.

ಸಾಲಗಾಮೆ ರಸ್ತೆಯಲ್ಲಿ ಒಬ್ಬ ಪಾದಚಾರಿ

ಒಂದು ಏಪ್ರಿಲ್‌ನಲ್ಲಿ ಯಜಮಾನರಿಗೆ ಟ್ರೆಕ್ಕಿಂಗ್ ಹುಚ್ಚು ಹಿಡಿಯಿತು. ಬೆಟ್ಟ ಹತ್ತುವುದಕ್ಕೆ ಮೊದಲು ಬೆನ್ನಿಗೆ ಭಾರ ಹೊತ್ತು ನಡೆದು ಅಭ್ಯಾಸ ಮಾಡಬೇಕಂತೆ, ಮೊಬೈಲಿನಲ್ಲಿ ನೋಡಿದ್ದರು. ಅಂಗಡಿಯಿಂದ ಒಂದಷ್ಟು ಕಬ್ಬಿಣದ ಸಾಮಾನು ತಂದು ಬ್ಯಾಗಿಗೆ ತುಂಬಿಕೊಂಡು, ಬೆಳಗ್ಗೆ ಆರಕ್ಕೆ ಸಾಲಗಾಮೆ ಕಡೆ ನಡೆದುಕೊಂಡು ಹೊರಟರು.

ಆ ರಸ್ತೆಯ ರೈತರೆಲ್ಲ ಅವರ ಗಿರಾಕಿಗಳು. ಮೊದಲ ಮೈಲಿಯಲ್ಲೇ ಒಂದು ಬೈಕು ನಿಂತಿತು.

"ಯಾಕ್ ಸಾ, ಗಾಡಿ ಕೆಟ್ಟೋಯ್ತಾ?"

"ಇಲ್ಲಪ್ಪ, ಸುಮ್ನೆ ನಡೀತಿದೀನಿ."

"ಸುಮ್ನೆ ಯಾರಾರ ನಡೀತಾರಾ ಸಾ? ಅತ್ತಿ, ಅತ್ತಿ."

ಹೇಗೋ ಅವನನ್ನು ಸಾಗಹಾಕಿದರು. ಎರಡನೆಯವನು ನಿಂತ, ಮೂರನೆಯವನು ನಿಂತ. ಇತ್ತ ನಮ್ಮ ಮನೆಯಲ್ಲಿ ಫೋನು ಬಡಿದುಕೊಳ್ಳಲು ಶುರುವಾಯಿತು. ಯಾರೋ ಅತ್ತೆಗೆ ಸುದ್ದಿ ಮುಟ್ಟಿಸಿದ್ದರು: ನಿಮ್ಮ ಮಗ ಬ್ಯಾಗು ಬೆನ್ನಿಗೆ ಹಾಕಿಕೊಂಡು ಊರು ಬಿಟ್ಟು ಹೋಗುತ್ತಿದ್ದಾರೆ, ಕರೆದರೂ ನಿಲ್ಲುತ್ತಿಲ್ಲ. ಅತ್ತೆ ಅಡುಗೆಮನೆಗೆ ಬಂದು ನನ್ನ ಮುಂದೆ ನಿಂತರು. "ನಿಜ ಏಳವ್ವ, ಏನಂದೆ ಅವನಿಗೆ?"

ನಾನು ಏನೂ ಅಂದಿರಲಿಲ್ಲ. ಹಾಗೆಂದರೆ ಅತ್ತೆ ನಂಬಲೂ ಇಲ್ಲ. ಎಂಟು ಗಂಟೆಗೆ ಗೇಟಿನ ಮುಂದೆ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಮೇಲೆ, ಹುಲ್ಲಿನ ಹೊರೆಗಳ ನಡುವೆ, ಬ್ಯಾಗು ತಬ್ಬಿಕೊಂಡು ಯಜಮಾನರು ಕೂತಿದ್ದರು. ಬೇಡವೆಂದರೆ ಓಡಿಸುವವನು ಬೇಸರ ಮಾಡಿಕೊಳ್ಳುತ್ತಾನೆಂದು ಹತ್ತಿದ್ದರಂತೆ. ಟ್ರ್ಯಾಕ್ಟರಿನವನು ಇಳಿದು ಬಂದು ನನ್ನ ಹತ್ತಿರ ಮೆತ್ತಗೆ ಹೇಳಿದ: "ಅಕ್ಕಾ, ದಾರಿ ಉದ್ದಕ್ಕೂ ಬುದ್ಧಿ ಏಳಿ ವಾಪಸ್ ಕರ್ಕಬಂದಿವ್ನಿ. ಇನ್ಮೇಲಾದ್ರೂ ಇಬ್ರೂ ಒಸಿ ಒಂದ್ಕಂಡು ಓಗಿ."

ಶೂ ಕಾಯ್ದದ್ದು

ಅಭ್ಯಾಸ ಅಲ್ಲಿಗೇ ಮುಗಿಯಿತು, ಬೆಟ್ಟ ಮಾತ್ರ ಬಿಡಲಿಲ್ಲ. ಶ್ರವಣಬೆಳಗೊಳದ ದೊಡ್ಡ ಬೆಟ್ಟ ಹತ್ತಿ, ಇಳಿದು, ಪಕ್ಕದ ಜಿನನಾಥಪುರದವರೆಗೆ ನಡೆದು ಅಲ್ಲಿನ ಬಸದಿ ನೋಡಿ ಬರುವುದು ಎಂದಾಯಿತು. ಯಜಮಾನರು ಅದಕ್ಕಾಗಿಯೇ ಟ್ರೆಕ್ಕಿಂಗ್ ಶೂ ತರಿಸಿದರು. ಆನೆಯ ಕಾಲಿಗೂ ಸ್ವಲ್ಪ ಸಡಿಲವಾಗುವಂಥ ಶೂ. ಅದರ ಬೆಲೆಯನ್ನು ನಮಗೆ ಹೇಳಲಿಲ್ಲ, ಮನೆಗೆ ಬಂದವರಿಗೆಲ್ಲ ಹೇಳಿದರು.

ಬಂಡೆ ಕಾಯುವುದರೊಳಗೆ ಮೇಲಿರಬೇಕೆಂದು ಬೆಳಗ್ಗೆ ಐದಕ್ಕೇ ಹೊರಟೆವು. ಚನ್ನರಾಯಪಟ್ಟಣ ಬಂತು. "ಬರೀ ಮಖ ತೋರ್ಸಿ ಬರೋದು ಕಣಪ್ಪ, ಒಳಕ್ಕೂ ಓಗದು ಬ್ಯಾಡ," ಅಂದರು ಅತ್ತೆ. ಮಗಳ ಮನೆ, ಬೇಡ ಅನ್ನುವುದು ಹೇಗೆ? ಮುಖ ತೋರಿಸಿದೆವು. ನಾದಿನಿ ಬೇಳೆ ಬೇಯಲು ಇಟ್ಟಳು. ಮುಖ ತೋರಿಸುವ ಕೆಲಸ ಒಬ್ಬಟ್ಟು, ಕೋಸಂಬರಿ, ಎರಡು ಸಲ ಪಾಯಸ ಎಲ್ಲ ಮುಗಿಸಿಕೊಂಡು ಸಂಜೆ ನಾಲ್ಕಕ್ಕೆ ಮುಗಿಯಿತು.

ಬೆಟ್ಟದ ಕೆಳಗೆ ಬಂದಾಗ ಬಿಸಿಲು ಇಳಿದಿತ್ತು. ಯಜಮಾನರು ಶೂ ಲೇಸು ಬಿಗಿದು, ಒಂದೆರಡು ಸಲ ನೆಲ ಒದ್ದು ನೋಡಿ, ಮೊದಲನೇ ಮೆಟ್ಟಿಲ ಮೇಲೆ ಕಾಲಿಟ್ಟರು. ಅಲ್ಲಿದ್ದವರೊಬ್ಬರು, "ಸಾರ್, ಚಪ್ಪಲಿ ಶೂ ಎಲ್ಲ ಕೆಳಗೇ ಬಿಡಬೇಕು," ಅಂದರು.

ಯಜಮಾನರು ಹುಟ್ಟಿದಾಗಿನಿಂದ ಈ ಬೆಟ್ಟ ನೋಡಿದವರು, ಚಿಕ್ಕಂದಿನಲ್ಲಿ ಬರಿಗಾಲಲ್ಲೇ ಹತ್ತಿದವರು. ಶೂ ತರಿಸುವಾಗ ಇವರಿಗಾಗಲಿ, ಇವರ ಹಿಂದೆ ನಿಂತು ಬಣ್ಣ ಆರಿಸಿದ ನಮಗಾಗಲಿ ಅದು ನೆನಪಾಗಲಿಲ್ಲ. ಯಜಮಾನರು ಶೂ ನೋಡಿದರು, ಬೆಟ್ಟ ನೋಡಿದರು, ಚಪ್ಪಲಿಗಳ ರಾಶಿ ನೋಡಿದರು. ಆಮೇಲೆ ನಿರ್ಧಾರ ಹೇಳಿದರು: "ನೀವು ಹೋಗ್ಬನ್ನಿ. ನಾನು ಇದನ್ನ ನೋಡ್ಕೊಂಡಿರ್ತೀನಿ."

ಅತ್ತೆಗೆ ಎಪ್ಪತ್ತು ದಾಟಿದೆ. ಮಧ್ಯಾಹ್ನದ್ದು ಅರಗಲಿ ಎಂದು ಕೂತು ಎದ್ದು ಅಷ್ಟೂ ಮೆಟ್ಟಿಲು ಹತ್ತಿದರು. ಮೇಲೆ ಯಾರೋ ಪರಿಚಯದವರು ಸಿಕ್ಕಿ, "ಮಗ ಬರ್ಲಿಲ್ವಾ?" ಎಂದು ಕೇಳಿದರು. "ಬಂದವ್ನೆ," ಅಂದರು ಅತ್ತೆ. "ಬೆಟ್ಟ ಅತ್ತೋ ಶೂ ತಗಂಡವ್ನಲ್ಲ, ಅದ್ಕೇ ಕೆಳಗವ್ನೆ."

ಟೆಂಟಿನ ಉಪಯೋಗಗಳು

ಅದರ ಮರುವರ್ಷ ಟೆಂಟು ಬಂತು. ನಾಲ್ಕು ಜನ ಮಲಗುವಂಥದ್ದು, ಸುತ್ತ ಸೊಳ್ಳೆ ಬಲೆ, ಮೇಲೆ ಹಸಿರು ಬಟ್ಟೆ. ಹಳ್ಳಿಮೈಸೂರಿನ ಸೋದರಮಾವನ ತೆಂಗಿನ ತೋಟದಲ್ಲಿ ಹಾಕುವುದು, ಕಲ್ಲು ಜೋಡಿಸಿ ಒಲೆ ಹೂಡಿ ನಾವೇ ಬೇಯಿಸಿಕೊಳ್ಳುವುದು, ಮನೆಯ ಕಡೆ ತಿರುಗಿಯೂ ನೋಡದಿರುವುದು ಎಂದು ಮಾತಾಗಿತ್ತು. ಮಗಳು ಒಂದು ವಾರದಿಂದ ಕುಣಿಯುತ್ತಿದ್ದಳು.

ಮಾವ ತೋಟಕ್ಕೆ ಬಂದು ಟೆಂಟನ್ನು ಎರಡು ಸುತ್ತು ಸುತ್ತಿದರು. ಅವರ ಮುಖ ಸಣ್ಣದಾಯಿತು. "ಅಲ್ಲ ಕಣಪ್ಪ, ಮನೇಲಿ ಆರು ರೂಮವೆ. ನೀವು ಬಂದು ತ್ವಾಟದಲ್ಲಿ ಬಟ್ಟೆ ಕಟ್ಕಂಡು ಮನೀಕಂಡ್ರೆ, ಊರೋರು ನನ್ನ ಏನಂತಾರೆ? ನೆಂಟ್ರನ್ನ ಆಚೆ ಆಕವ್ನೆ ಅನ್ನಲ್ವಾ?"

ಊರವರು ಅಷ್ಟರಲ್ಲೇ ಅನ್ನತೊಡಗಿದ್ದರು, ಆದರೆ ಬೇರೆ ಏನನ್ನೋ. ಮೊದಲೆಲ್ಲ ಸಿಡುಬು ಎದ್ದವರನ್ನು ಹೀಗೆ ಬೇರೆ ಇಡುತ್ತಿದ್ದರಂತೆ. ಒಬ್ಬ ಅಜ್ಜಿ ಸೊಂಟಕ್ಕೆ ಬೇವಿನ ಸೊಪ್ಪಿನ ಹೊರೆ ಇಟ್ಟುಕೊಂಡು ಬಂದೇಬಿಟ್ಟಳು. "ಯಾರ್ಗವ್ವ ಅಮ್ಮ ಆಗಿರದು? ಮಗೀಗಾ?" ಎಂದು ಮಗಳ ಕೆನ್ನೆ ತಿರುಗಿಸಿ ನೋಡಿದಳು. ಯಾರಿಗೂ ಏನೂ ಇಲ್ಲ, ನಾವು ಖುಷಿಗೆ ಇಲ್ಲಿದ್ದೇವೆ ಎಂದೆ. ಅಜ್ಜಿ ನನ್ನನ್ನು ಮರುಕದಿಂದ ನೋಡಿ, ಸೊಪ್ಪನ್ನು ಟೆಂಟಿನ ಬಾಗಿಲಿಗೆ ಸಿಕ್ಕಿಸಿ ಹೋದಳು. ಅದನ್ನು ನೋಡಿ ಇನ್ನೂ ನಾಲ್ಕು ಜನ ಸೊಪ್ಪು ತಂದರು. ನಮ್ಮ ಒಲೆಗೆ ಸೌದೆ ಕೂಡಿಸುವಷ್ಟರಲ್ಲಿ ಮೊಸರನ್ನ, ಎಳನೀರು ದೂರದಿಂದಲೇ ಇಟ್ಟು ಹೋಗುವವರು ಶುರುವಾದರು.

ಸಂಜೆಗೆ ಮುಂಚೆ ನಾವಾಗಿ ಟೆಂಟು ಕಿತ್ತು ಮಾವನ ಮನೆಯ ಹಾಲಿನಲ್ಲಿ ಹಾಕಿಕೊಂಡೆವು. ಮಗಳ ಮುಖ ನೋಡಲಾಗದೆ ಮಾವನೇ, "ಇದೂ ಕ್ಯಾಂಪೇ ಕಣ್ ಮಗ," ಎಂದು ಫ್ಯಾನು ಹಾಕಿಕೊಟ್ಟರು.

ಬೆಳಗ್ಗೆ ಹೊರಡುವಾಗ ಅತ್ತೆಯಮ್ಮ, ಅಂದರೆ ಮಾವನ ಹೆಂಡತಿ, ಟೆಂಟಿನ ಬಲೆಯನ್ನು ಎಳೆದೆಳೆದು ನೋಡುತ್ತಿದ್ದರು. ಎರಡು ದಿನಕ್ಕೆ ಇದನ್ನಿಲ್ಲೇ ಬಿಟ್ಟು ಹೋಗಿ ಅಂದರು. ಎರಡು ವರ್ಷವಾಯಿತು. ಈಗ ಅದು ಅವರ ಮನೆಯ ತಾರಸಿಯ ಮೇಲಿದೆ. ಒಳಗೆ ಸಂಡಿಗೆ ಒಣಗುತ್ತದೆ, ಹೊರಗೆ ಕಾಗೆಗಳು ಕ್ಯಾಂಪ್ ಹಾಕಿರುತ್ತವೆ.

ತೆಪ್ಪ

ಈ ಸಲ ನಾನು ಹಟ ಹಿಡಿದೆ. ಅರಕಲಗೂಡಿನ ಆಚೆ ಕಾವೇರಿಯಲ್ಲಿ ಒಬ್ಬ ತೆಪ್ಪದಲ್ಲಿ ಜನರನ್ನು ಸುತ್ತಿಸುತ್ತಾನೆಂದು ಕೇಳಿದ್ದೆ. ದೋಣಿಯಲ್ಲದಿದ್ದರೆ ತೆಪ್ಪ, ನೀರಿನ ಮೇಲೆ ತೇಲಿದರೆ ಸಾಕು. ನನ್ನ ಶರತ್ತು ಒಂದೇ: ಯಾರ ಮನೆಗೂ ಹೋಗಕೂಡದು, ಯಾರಿಗೂ ಹೇಳಕೂಡದು. "ಇನ್ನೂ ಹದಿನಾರು ವರ್ಷ ಕಾಯಕ್ಕೆ ನನ್ನ ಕೈಲಾಗಲ್ಲ ರೀ," ಅಂದೆ. ಹೇಳುವಾಗ ನಗಬೇಕೆಂದಿದ್ದೆ, ನಗು ಬರಲಿಲ್ಲ. ಯಜಮಾನರು ಒಪ್ಪಿದರು.

ಅತ್ತೆಗೆ ಕಾರು ಊರು ಬಿಟ್ಟ ಮೇಲೆ ವಿಷಯ ಹೇಳಿದೆವು. ಇನ್ನು ಅರಕಲಗೂಡು ದಾಟುವುದೊಂದೇ ಕಷ್ಟ. ಚಿಕ್ಕಪ್ಪನ ಮನೆ ಇರುವುದು ರಸ್ತೆಗೇ. ನಮ್ಮ ಕಾರಿನ ಹಿಂದೆ ಅಂಗಡಿಯ ಹೆಸರನ್ನು ಮೊಳದುದ್ದದ ಅಕ್ಷರದಲ್ಲಿ ಬರೆಸಿದ್ದರು, ಅದರ ಮೇಲೆ ಹಳೇ ಕ್ಯಾಲೆಂಡರ್ ಅಂಟಿಸಿದೆವು. ಊರು ಬರುತ್ತಿದ್ದಂತೆ ಮಗಳು ಸೀಟಿನ ಕೆಳಗೆ ಕೂತಳು, ಅತ್ತೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ಸರಿಯಾಗಿ ಆಗಲೇ ಯಜಮಾನರಿಗೆ ಫೋನು ಬಂತು. ಚಿಕ್ಕಮ್ಮ!

"ಎಲ್ಲಿದೀಯಪ್ಪ?"

"ಅಂಗಡಿಲಿ ಚಿಕ್ಕಮ್ಮ. ಹಾಸನದಲ್ಲೇ."

"ಮನೆಯೋರು?"

"ಮನೇಲಿ."

"ಸರಿ ಬುಡು. ನಾವು ಊರಲ್ಲಿಲ್ಲ, ಅರಸೀಕೆರೆಗೆ ಮದುವೆಗೆ ಬಂದಿವಿ. ಸುಮ್ನೆ ಮಾಡ್ದೆ."

ಫೋನಿಟ್ಟ ಮೇಲೆ ಕಾರಿನಲ್ಲಿ ಹಬ್ಬ. ಅವರೇ ಊರಲ್ಲಿಲ್ಲವೆಂದ ಮೇಲೆ ಪಾಪವೂ ಇಲ್ಲ! ಅತ್ತೆ ಸೆರಗು ತೆಗೆದು ಕೂತರು.

ಹೊಳೆಯಲ್ಲಿ ನೀರಿತ್ತು. ತೆಪ್ಪದವನು ನಮ್ಮನ್ನು ಸುತ್ತ ಕೂರಿಸಿ ಹುಟ್ಟು ಹಾಕಿದ. ನಾನು ಬಗ್ಗಿ ಕೈಯನ್ನು ನೀರಿಗೆ ಬಿಟ್ಟೆ. ಬೆರಳ ಸಂದಿಯಲ್ಲಿ ತಣ್ಣಗೆ ನೀರು ಸರಿದು ಹೋಗುತ್ತಿತ್ತು. ಹೈಸ್ಕೂಲ್ ಮಕ್ಕಳಿಗೆ ಹದಿನೈದು ವರ್ಷ ತೇಲುವಿಕೆಯ ಪಾಠ ಹೇಳಿದ್ದೇನೆ, ತೇಲುವುದೆಂದರೆ ಇಷ್ಟು ಸುಖ ಎಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಯಜಮಾನರು ನನ್ನ ಮುಖವನ್ನೇ ನೋಡುತ್ತಿದ್ದರು. ಪಾಪ, ಅವರ ಕಣ್ಣೂ ಒದ್ದೆಯಾಗಿತ್ತು.

ಎದುರಿನಿಂದ ಇನ್ನೊಂದು ತೆಪ್ಪ ಬಂತು. ಅದರಲ್ಲಿ ಗಂಡ ಹೆಂಡತಿ ಇಬ್ಬರು, ನಡುವೆ ಟಿಫನ್ ಕ್ಯಾರಿಯರ್. ಅತ್ತೆಗೆ ಯೋಚಿಸಲು ಪುರಸತ್ತಿಲ್ಲದೆ ಬಾಯಿಂದ ಬಂದೇಬಿಟ್ಟಿತು: "ಏ ತಂಗೀ!"

ಚಿಕ್ಕಮ್ಮ ಚಿಕ್ಕಪ್ಪ! ನಮ್ಮ ತೆಪ್ಪದವನು ಸಂಭಾವಿತ, ನೆಂಟರೆಂದು ತಿಳಿದು ಎರಡೂ ತೆಪ್ಪಗಳನ್ನು ಒಂದಕ್ಕೊಂದು ತಾಗಿಸಿ ನಿಲ್ಲಿಸಿದ. ಓಡಿಹೋಗಲು ಯಾರಿಗೂ ನೆಲವಿರಲಿಲ್ಲ.

"ಮದುವೆ ಮುಗೀತಾ ಚಿಕ್ಕಮ್ಮ?" ಅಂದರು ಯಜಮಾನರು.

"ಅಂಗ್ಡಿ ಬಾಗ್ಲಾಕ್ಕಂಡು ಬಂದ್ಯೇನಪ್ಪ?" ಅಂದರು ಚಿಕ್ಕಮ್ಮ.

ಚಿಕ್ಕಪ್ಪನಿಗೆ ಸುಳ್ಳು ಬರುವುದಿಲ್ಲ. ಕ್ಯಾರಿಯರ್ ಪಕ್ಕಕ್ಕೆ ಸರಿಸಿ ಎಲ್ಲ ಹೇಳಿಬಿಟ್ಟರು. "ಇನ್ನೇನಪ್ಪ ಮಾಡದು. ರಜಾ ಬಂತು ಅಂದ್ರೆ ನೀವು ಬತ್ತೀರಿ. ಇವ್ಳು ಒಬ್ಬಟ್ಟು ತಟ್ಟಿ ತಟ್ಟಿ ಮೂರು ದಿನ ಸೊಂಟ ಇಡ್ಕಂಡು ಮನಿಕತಾಳೆ. ಈ ಸಲ ನೀವು ಬರೋಕ್ಮುಂಚೆ ತಪ್ಪಿಸ್ಕಳಣ ಅಂತ ಬಂದ್ವಿ. ಫೋನ್ ಮಾಡಿದ್ದೂ ನೀವು ಹೊರಟಿದ್ದೀರೇನೋ ಅಂತ ನೋಡಕ್ಕೇ."

ನನಗೆ ನಾಚಿಕೆಯಾಯಿತು, ನಗುವೂ ಬಂತು. ಹದಿನಾರು ವರ್ಷ ಅವರ ದಾಕ್ಷಿಣ್ಯಕ್ಕೆ ನಾವು ಉಂಡಿದ್ದೆವು, ನಮ್ಮ ದಾಕ್ಷಿಣ್ಯಕ್ಕೆ ಅವರು ಬಡಿಸಿದ್ದರು. "ನೀವು ಬಾಗ್ಲಿಗೆ ಬಂದ್ರೆ ಉಣ್ಣಾಕ್ ಇಕ್ದೆ ಕಳ್ಸಕಾಯ್ತದೇನವ್ವ?" ಎಂದರು ಚಿಕ್ಕಮ್ಮ. "ನಿಮ್ಮ ಬಾಗ್ಲ ಮುಂದೆ ಬಂದು ಒಳಗೆ ಬರದೆ ಹೋಗೋಕಾಗುತ್ತಾ ಚಿಕ್ಕಮ್ಮ?" ಎಂದೆ. ಇಬ್ಬರೂ ನಕ್ಕೆವು. ಇನ್ನು ಮೇಲೆ ಯಾರೂ ಯಾರ ಮನೆಗೂ ಹೀಗೆ ಹೋಗುವುದು ಬೇಡ, ಸಿಗಬೇಕೆನಿಸಿದರೆ ಹೊಳೆಯಲ್ಲೇ ಸಿಗೋಣ ಎಂದು ಒಪ್ಪಂದವಾಯಿತು. ಚಿಕ್ಕಮ್ಮ ನಮ್ಮ ತೆಪ್ಪಕ್ಕೆ ದಾಟಿ ನನ್ನ ಪಕ್ಕ ಕೂತರು. "ಇನ್ನೊಂದು ದೊಡ್ಡ ಸುತ್ತು ಹೊಡಿಯಪ್ಪ," ಎಂದು ತೆಪ್ಪದವನಿಗೆ ಹೇಳಿ ನಾನು ಮತ್ತೆ ಕೈಯನ್ನು ನೀರಿಗೆ ಬಿಟ್ಟೆ.

ಅವನು ಇದನ್ನೆಲ್ಲ ಕೇಳಿಸಿಕೊಂಡು ಬಹಳ ಸಂತೋಷಗೊಂಡಿದ್ದ. "ಎಂಗೋ ಎಲ್ಲಾ ನೆಂಟ್ರೂ ಒಂದಾದ್ರಲ್ಲ, ಅಷ್ಟು ಸಾಕು ಕಣವ್ವ," ಎಂದು ಹುಟ್ಟನ್ನು ದಡದ ಕಡೆ ತಿರುಗಿಸಿದ. "ಅಗಾ, ಅದೇ ನಮ್ಮನೆ. ಇಷ್ಟ್ ದೂರ ಬಂದು ಅಂಗೇ ಓಗ್ತೀರಾ? ಒಂದೊಂದ್ ತುತ್ತು ಉಂಡ್ಕಂಡೇ ಓಗ್ಬೇಕು."

"ಬೇಡ!" ಎಂದು ಚಿಕ್ಕಮ್ಮನೂ ನಾನೂ ಒಟ್ಟಿಗೇ ಕೂಗಿದೆವು. ಆದರೆ ಹುಟ್ಟು ಅವನ ಕೈಯಲ್ಲಿತ್ತು. ನನ್ನ ಜಲವಿಹಾರ ಅಲ್ಲಿಗೆ ಮುಗಿಯಿತು.

ದಡದಲ್ಲಿ ಅವನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು. ನಮ್ಮ ತಲೆಗಳನ್ನು ಒಂದೊಂದಾಗಿ ಎಣಿಸಿದಳು. ಎಣಿಕೆ ಮುಗಿದ ಮೇಲೆ ಮುಖ ಅರಳಿಸಿ, "ಬನ್ನಿ, ಬನ್ನಿ," ಎಂದು ಬಾಯ್ತುಂಬ ನಕ್ಕಳು.

"ನೋಡಿ ಚಿಕ್ಕಮ್ಮ, ಎಷ್ಟು ಒಳ್ಳೆ ಹೆಂಗಸು, ಎಷ್ಟು ಸಂತೋಷ ಪಡ್ತಿದಾಳೆ," ಅಂದೆ.

ಚಿಕ್ಕಮ್ಮ ನನ್ನ ಮೊಣಕೈ ಹಿಡಿದು ಕಿವಿಯಲ್ಲಿ ಹೇಳಿದರು: "ಆ ನಗೂನ ನಂಬ್ಬುಟ್ಟೀಯ ಕಣವ್ವ. ಹದಿನಾರು ವರ್ಷದಿಂದ ನಾನೂ ನಿಮ್ಮನ್ನ ನೋಡಿ ಇಂಗೇ ನಗ್ತಿರದು."