ಮಾವನ ಗುಡುಗಿನ ಡಬ್ಬಿ

ಇನ್ನು ಮುಂದೆ ಕೆಟ್ಟುಹೋದ ಯಾವ ಪೆಡಲ್ಲೂ ತನ್ನ ಕೈಯಲ್ಲಿ ರಿಪೇರಿಯಾಗದೆ ಈ ಮನೆಯ ಹೊಸಿಲು ದಾಟಕೂಡದು ಅಂತ ಬೆಸುಗೆರಾಯರು ಘೋಷಣೆ ಹೊರಡಿಸಿದ್ದು ಒಂದು ಮಂಗಳವಾರ ಬೆಳಿಗ್ಗೆ. ಸಭೆಯಲ್ಲಿ ಹಾಜರಿದ್ದದ್ದು ಹೆಂಡತಿ ಒಬ್ಬಳೇ. ಅವಳೂ ಆಸ್ಪತ್ರೆಯ ಡ್ಯೂಟಿಗೆ ಹೊತ್ತಾಯಿತು ಅಂತ ಚಪ್ಪಲಿ ಹುಡುಕುತ್ತಿದ್ದಳು.

ಬೆಸುಗೆರಾಯ ಅನ್ನೋದು ಅವಳೇ ಇಟ್ಟ ಹೆಸರು. ಹೊಟ್ಟೆಪಾಡಿಗೆ ರಾಯರದು ಕನ್ನಡಕದ ಅಂಗಡಿ. ಹುಚ್ಚು ಬೇರೆ. ಗಿಟಾರ್ ನುಡಿಸೋರ ಕಾಲಬಳಿ ಒಂದು ತಗಡಿನ ಡಬ್ಬಿ ಇರುತ್ತೆ, ನೀವು ನೋಡಿರಬಹುದು. ಅದರ ಗುಂಡಿಯನ್ನು ಕಾಲಲ್ಲಿ ಒತ್ತಿದರೆ, ಅಲ್ಲಿವರೆಗೆ ಪಿಸುಗುಡುತ್ತಿದ್ದ ಗಿಟಾರ್ ಇದ್ದಕ್ಕಿದ್ದಂತೆ ಗುಡುಗತೊಡಗುತ್ತೆ. ಅದೇ ಪೆಡಲ್. ಕೆಟ್ಟ ಪೆಡಲ್‌ಗಳಿಗೆ ಜೀವ ಕೊಡೋದು, ಕೆಟ್ಟದ್ದು ಸಿಗದಿದ್ದರೆ ಹೊಸದನ್ನೇ ಕಟ್ಟೋದು ರಾಯರ ಹುಚ್ಚು. ಈವರೆಗೆ ಮೂರು ಕಟ್ಟಿದ್ದರು. ಒಂದು ಮಗ್ಗುಲಾಗಿ ಮಲಗಿಸಿದರೆ ಮಾತ್ರ ಕೆಲಸ ಮಾಡುತ್ತೆ. ಇನ್ನೊಂದು ಗಿಟಾರ್ ಮುಟ್ಟದಿದ್ದರೂ ತಾನಾಗಿಯೇ ರೇಡಿಯೋ ವಾರ್ತೆ ಓದುತ್ತೆ. ಮೂರನೆಯದು ತುಂಬಾ ಗಟ್ಟಿಮುಟ್ಟು. ಅಡುಗೆಮನೆ ಬಾಗಿಲು ಗಾಳಿಗೆ ಬಡಿಯದ ಹಾಗೆ ಹೆಂಡತಿ ಅದನ್ನೇ ಅಡ್ಡ ಇಡುತ್ತಾಳೆ.

ಅವತ್ತೇ ಸಂಜೆ ಮಾವ ಬಂದರು. ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಲೇತ್ ಯಂತ್ರದ ಮುಂದೆ ನಿಂತವರು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅವರ ಕಣ್ಣಿಗೆ ಬೀಳುತ್ತೆ, ಮಾತು ಮಾತ್ರ ಬಲು ಕಮ್ಮಿ. ಮದುವೆಯಾಗಿ ಹನ್ನೆರಡು ವರ್ಷವಾದರೂ ಅಳಿಯನ ಯಾವ ಕೆಲಸ ನೋಡಿಯೂ ‘ಹೂಂ’ ಬಿಟ್ಟು ಬೇರೆ ಮಾತಾಡಿದವರಲ್ಲ. ಆ ಬಾಯಿಂದ ‘ಚೆನ್ನಾಗಿದೆ’ ಅನ್ನೋ ನಾಲ್ಕಕ್ಷರ ಹೊರಡಿಸಬೇಕು ಅನ್ನೋದು ರಾಯರ ಜನ್ಮದ ಆಸೆ. ಗಿರಾಕಿಗಳು ನೂರು ಸಲ ಹೊಗಳಿದರೂ ಆ ಜಾಗ ಖಾಲಿಯಾಗಿಯೇ ಇತ್ತು, ಪಾಪ.

ಮಾವನ ಕೈಯಲ್ಲಿ ಅವರು ಹರೆಯದಲ್ಲಿ ತಾವೇ ಕಟ್ಟಿದ ಪೆಡಲ್ ಇತ್ತು. ಬರುವ ಭಾನುವಾರ ಹಳೇ ಕಾರ್ಖಾನೆಯ ಗೆಳೆಯರೆಲ್ಲ ಸೇರುವವರಿದ್ದರು. ಇಪ್ಪತ್ತು ವರ್ಷದ ಮೇಲೆ ಮಾವ ಅವರೆದುರು ಗಿಟಾರ್ ಹಿಡಿಯುವವರಿದ್ದರು. ಡಬ್ಬಿ ನೋಡಿದರೆ ಗುಡುಗೋದು ಬಿಟ್ಟು ಕೆಮ್ಮುತ್ತಿತ್ತು.

“ಅಳಿಯಂದ್ರೇ, ನಿಮ್ಮ ಹತ್ತಿರ ಒಂದು…” ಅಂತ ಮಾವ ಶುರುಮಾಡಿದರು.

“ನೀವೇನೂ ಹೇಳಬೇಡಿ ಮಾವ. ನನಗೆ ಬಿಟ್ಟುಬಿಡಿ,” ಅಂದವರೇ ರಾಯರು ಡಬ್ಬಿ ಕಿತ್ತುಕೊಂಡರು. ಮಾವ ಒಂದು ಗಳಿಗೆ ಅವರ ಮುಖ ನೋಡಿದರು. ಆಮೇಲೆ “ಹೂಂ” ಅಂದು ಹೊರಟುಹೋದರು.

ಮೊದಲು ಬ್ಯಾಟರಿ ಬದಲಾಯಿಸಿ ನೋಡಿ ಅಂದಳು ಹೆಂಡತಿ. ದೊಡ್ಡ ಡಾಕ್ಟರು ನರ್ಸಮ್ಮನ ಮಾತಿಗೆ ನಗುವ ಹಾಗೆ ನಕ್ಕ ರಾಯರು, ಕರೆಂಟ್ ಅಳೆಯೋ ಮೀಟರಿನ ಎರಡೂ ತಂತಿಗಳನ್ನು ಡಬ್ಬಿಯ ಬ್ಯಾಟರಿಗೆ ತಾಗಿಸಿದರು. “ನೋಡು, ಒಂಬತ್ತು ವೋಲ್ಟ್. ಇರಬೇಕಾದ್ದೂ ಒಂಬತ್ತೇ. ಮೀಟರ್ ಸುಳ್ಳು ಹೇಳಲ್ಲ ಕಣೇ.” ಬ್ಯಾಟರಿ ನಿರ್ದೋಷಿ ಅಂತ ತೀರ್ಪಾಯಿತು.

ಹಾಗಾದರೆ ಕಳ್ಳ ಒಳಗೇ ಇರಬೇಕಲ್ಲ? ಬುಧವಾರ ಒಂದು ಬಿಡಿಭಾಗದ ಮೇಲೆ ಅನುಮಾನ ಬಂತು, ಕಿತ್ತು ಹೊಸದು ಹಾಕಿದರು. ಡಬ್ಬಿ ಕೆಮ್ಮಿತು. ಗುರುವಾರ ಅದರ ಅಕ್ಕಪಕ್ಕದ ಹನ್ನೊಂದರ ಮೇಲೆ ಅನುಮಾನ ಬಂತು. ಮತ್ತೆ ಕೆಮ್ಮು. ಊಟದ ಮೇಜಿನ ಮುಕ್ಕಾಲು ಭಾಗ ರಾಯರ ಪಾಲಾಯಿತು, ಹೆಂಡತಿ ತಟ್ಟೆಯನ್ನು ತೊಡೆ ಮೇಲೆ ಇಟ್ಟುಕೊಂಡು ಉಂಡಳು. ಕಿತ್ತ ಚೂರುಗಳನ್ನು ಇಡೋಕೆ ರಾಯರ ಬಳಿ ಇದ್ದದ್ದು ಅಂಗಡಿಯ ಕನ್ನಡಕದ ಡಬ್ಬಿಗಳು. ಶುಕ್ರವಾರ ಅದರಲ್ಲೊಂದು ತಪ್ಪಿ ಅಂಗಡಿಗೆ ಹೋಯಿತು, ಅಲ್ಲಿಂದ ಒಬ್ಬ ರಿಟೈರ್ಡ್ ಹೆಡ್‌ಮೇಷ್ಟರ ಕೈಗೆ ಹೋಯಿತು. ಪೇಪರ್ ಓದೋಣ ಅಂತ ಅವರು ಡಬ್ಬಿ ತೆಗೆದರೆ ಒಳಗೆ ಕಾಲು ಮೂಡಿದ ಬಣ್ಣಬಣ್ಣದ ಹನ್ನೊಂದು ಹುಳುಗಳು. ಅವರು ಅಂಗಡಿಗೆ ವಾಪಸು ಬಂದು ಆಡಿದ ಮಾತುಗಳನ್ನು ಇಲ್ಲಿ ಬರೆಯೋ ಹಾಗಿಲ್ಲ.

ಶನಿವಾರದ ಹೊತ್ತಿಗೆ ಒಳಗಿನ ಇಪ್ಪತ್ತಮೂರು ಬಿಡಿಭಾಗಕ್ಕೆ ಇಪ್ಪತ್ತಮೂರೂ ಹೊಸದು. ಬೆಸುಗೆ ಅಂದರೆ ಬೆಸುಗೆ, ಒಂದೊಂದು ಚುಕ್ಕೆಯೂ ಫಳಫಳ. ಹೆಂಡತಿ ಇಣುಕಿ ನೋಡಿ ದಂಗಾದಳು.

“ಅಪ್ಪ ಕೈಯಾರೆ ಹಾಕಿದ್ದು ಇದರಲ್ಲಿ ಇನ್ನೇನು ಉಳಿದಿದೆ?”

“ತಗಡು,” ಅಂದರು ರಾಯರು ಮೆಲ್ಲಗೆ.

ಗುಂಡಿ ಒತ್ತಿದರು. ಡಬ್ಬಿ ಕೆಮ್ಮಿತು.

ಭಾನುವಾರ ಮಧ್ಯಾಹ್ನ ರಾಯರು ಮೇಜಿನ ಮುಂದೆ ಕುಕ್ಕರಿಸಿದ್ದರು. ‘ಚೆನ್ನಾಗಿದೆ’ ಹಾಳಾಗಿ ಹೋಗಲಿ, ಗೆಳೆಯರ ಮುಂದೆ ಮಾವನ ಮರ್ಯಾದೆ ತನ್ನಿಂದ ಹೋಗುತ್ತಲ್ಲ ಅನ್ನೋದೇ ಚಿಂತೆ. ಅಷ್ಟರಲ್ಲಿ ಡ್ಯೂಟಿ ಮುಗಿಸಿ ಬಂದ ಹೆಂಡತಿ, ಒಂದು ಹೊಸ ಬ್ಯಾಟರಿ ತಂದು ಮುಂದಿಟ್ಟಳು. ರಾಯರು ಅಭ್ಯಾಸಬಲದಿಂದ ಅದಕ್ಕೂ ಮೀಟರ್ ಹಿಡಿದರು. ಮುಖ ಅರಳಿತು. ಒಂಬತ್ತರ ಬ್ಯಾಟರಿ, ಹನ್ನೆರಡೂವರೆ ತೋರಿಸುತ್ತಿದೆ, ಎಂಥಾ ಕಸುವು ನೋಡು ಅಂತ ಹೆಮ್ಮೆಪಟ್ಟರು.

“ರೀ, ಜ್ವರ ನೂರಹದಿನೈದು ಅಂತ ತೋರಿಸಿದರೆ ನಾವು ಮೊದಲು ಥರ್ಮಾಮೀಟರ್ ನೋಡ್ತೀವಿ, ರೋಗೀನ ಅಲ್ಲ,” ಅಂದಳು ಅವಳು. ಮೀಟರಿನ ಮೂಲೆಯ ಮೇಲೆ ಬೆರಳಿಟ್ಟಳು. “ಇದೇನಿದು, ಮಿಣುಕ್ತಾ ಇರೋದು?”

ಅದು ಮೀಟರಿನ ಸ್ವಂತ ಬ್ಯಾಟರಿ ಮುಗಿಯುತ್ತಾ ಬಂದಿದೆ ಅನ್ನೋ ಗುರುತು. ಕಂಪನಿಯವರು ಅಂದಕ್ಕೆ ಹಾಕಿದ ಚಿತ್ರ ಅಂತ ರಾಯರು ತಿಂಗಳಿಂದ ತಿಳಿದಿದ್ದರು. ಊರವರಿಗೆಲ್ಲ ಕೊನೇ ಸಾಲಿನ ಸಣ್ಣ ಅಕ್ಷರ ಓದಿಸುವ ಮಹಾನುಭಾವರು! ಸುಸ್ತಾದ ಮೀಟರ್ ಎಲ್ಲವನ್ನೂ ಜಾಸ್ತಿ ತೋರಿಸುತ್ತಿತ್ತು. ಏಳನ್ನೂ ಮುಟ್ಟದ ಬ್ಯಾಟರಿಗೆ ಒಂಬತ್ತು ಅಂತ ಸರ್ಟಿಫಿಕೇಟ್ ಕೊಟ್ಟಿತ್ತು. ಹೊಸ ಬ್ಯಾಟರಿ ಡಬ್ಬಿಗೆ ಹಾಕಿ ಗುಂಡಿ ಒತ್ತಿ ಗಿಟಾರ್ ತಂತಿ ಮೀಟಿದ್ದೇ ತಡ, ಕಿಟಕಿ ಗಾಜು ನಡುಗಿತು.

ನಾಲ್ಕು ಗಂಟೆಗೆ ಮಾವ ಬಂದರು. ಬ್ಯಾಟರಿಯ ವಿಷಯದಲ್ಲಿ ಗಂಡ ಹೆಂಡತಿ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಮಾವ ಕಣ್ಣುಮುಚ್ಚಿ ನುಡಿಸಿದರು. ಆಮೇಲೆ ಡಬ್ಬಿ ಮಗುಚಿ, ಜೇಬಿಂದ ಸ್ಕ್ರೂಡ್ರೈವರ್ ತೆಗೆದು ಮುಚ್ಚಳ ಬಿಚ್ಚಿದರು. ಮಾವ ಒಳಗಿನ ಇಪ್ಪತ್ತಮೂರನ್ನೂ ಒಂದೊಂದಾಗಿ ನೋಡಿದರು, ಬೆಸುಗೆಯ ಮೇಲೆ ಉಗುರು ಆಡಿಸಿದರು.

“ಚೆನ್ನಾಗಿದೆ,” ಅಂದರು. “ಬೆಸುಗೆ ನನ್ನದಕ್ಕಿಂತ ಚೆನ್ನಾಗಿದೆ.”

ಹನ್ನೆರಡು ವರ್ಷದ ಮೇಲೆ! ರಾಯರ ಕಣ್ಣು ತುಂಬಿ ಬಂತು, ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆ ಸಂತೋಷದಲ್ಲಿ ಸುಮ್ಮನಿರಬಾರದಿತ್ತೇ? ಇನ್ನೇನಾದರೂ ರಿಪೇರಿ ಇದ್ದರೆ ಅದನ್ನೂ ಮಾಡಿಕೊಟ್ಟುಬಿಡೋಣ ಅಂತ ದೊಡ್ಡ ಮನಸ್ಸು ಮಾಡಿದರು.

“ಅಂದಹಾಗೆ ಮಾವ, ಅವತ್ತು ನೀವು ‘ನಿಮ್ಮ ಹತ್ತಿರ ಒಂದು’ ಅಂತ ಏನೋ ಕೇಳೋಕೆ ಹೊರಟಿದ್ದಿರಲ್ಲ?”

ಮಾವ ಕೊನೆಯ ಸ್ಕ್ರೂ ತಿರುಗಿಸುತ್ತಾ ಹೇಳಿದರು: “ಏನಿಲ್ಲ. ನಿಮ್ಮ ಹತ್ತಿರ ಒಂದು ಬ್ಯಾಟರಿ ಇದ್ದರೆ ಕೊಡಿ ಅಂತ.”

ಬೆಸುಗೆರಾಯರು ‘ಹೂಂ’ ಅಂದರು.