ಬೆಂಚಿನ ಮೇಲೆ ಬಿಟ್ಟು ಬಂದ ಕಾಣಿಕೆ ಕವರು

ನನ್ನ ಭಾವನಿಗೆ ಜಗತ್ತಿನಲ್ಲಿ ಶತ್ರುಗಳೇ ಇಲ್ಲ. ಇರಲು ಅವರು ಬಿಟ್ಟರೆ ತಾನೇ! ತಮ್ಮ ಮೇಲೆ ಕೋಪ ಮಾಡಿಕೊಂಡು ಸುಖವಾಗಿ ಕುಳಿತವರನ್ನೆಲ್ಲ ತಿಂಗಳಿಗೊಮ್ಮೆ ಹುಡುಕಿಕೊಂಡು ಹೋಗಿ ರಾಜಿ ಮಾಡಿಕೊಂಡುಬಿಡುತ್ತಾರೆ.

ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ನಾವಿಬ್ಬರೂ ಉಡುಪಿ ಕಡೆಯ ಕ್ರೈಸ್ತರು. ಕೊಯಾಲಿಯ ತೈಲ ರಿಫೈನರಿಯಲ್ಲಿ ದುಡಿದು, ನಿವೃತ್ತರಾಗಿ, ವಡೋದರದಲ್ಲೇ ಉಳಿದುಬಿಟ್ಟವರು. ತಿಂಗಳ ಮೊದಲ ಭಾನುವಾರ ನಮ್ಮ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಕೊಡುವ ಕರ್ತನ ಭೋಜನ. ಪಾದ್ರಿಯ ಪ್ರಸಂಗ ಗುಜರಾತಿಯಲ್ಲಿ. ಭಾವ ತಮ್ಮ ಕನ್ನಡ ಸತ್ಯವೇದವನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ತಮ್ಮ ಪಾಡಿಗೆ ಓದುತ್ತಿರುತ್ತಾರೆ. ಅದರಲ್ಲಿ ಒಂದು ಬೋಧನೆ ಇದೆ: ಕಾಣಿಕೆ ಕೊಡಲು ಹೋದಾಗ ಯಾರಿಗೋ ನಿನ್ನ ಮೇಲೆ ಬೇಸರವಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗಬೇಕಂತೆ. ನಾವೆಲ್ಲ ಓದಿ ತಲೆಯಾಡಿಸುತ್ತೇವೆ. ಭಾವ ಎದ್ದೇ ಹೋಗುತ್ತಾರೆ!

ಮೊದಲ ಸಲ ಹೀಗೆ ಎದ್ದದ್ದು ಸ್ಕೂಟರಿನ ದೆಸೆಯಿಂದ. ಪಾರ್ಕಿಂಗ್ ವಿಷಯದಲ್ಲಿ ಕೆಳಮನೆಯ ಗುಜರಾತಿಯ ಜೊತೆ ಮಾತಿಗೆ ಮಾತು ಬೆಳೆದಿತ್ತು. ಅಷ್ಟು ಹಳೆಯ ಕಾಲದ ಬೋಧನೆಗೂ ಅವರ ಹೌಸಿಂಗ್ ಸೊಸೈಟಿಯ ಪಾರ್ಕಿಂಗಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಭಾವ ಆರಾಧನೆಯ ನಡುವೆ ಕಾಣಿಕೆಯ ಕವರನ್ನು ಬೆಂಚಿನ ಮೇಲಿಟ್ಟು, ತಮ್ಮ ಕುಂಟುವ ಕಾಲೆಳೆಯುತ್ತಾ ಹೊರಟೇಬಿಟ್ಟರು. ಭಾನುವಾರ ಬೆಳಿಗ್ಗೆ ಬಿಳಿ ಅಂಗಿ, ಕೋಟು ತೊಟ್ಟು ಕೈಮುಗಿದು ನಿಂತವರನ್ನು ಕಂಡು ಕೆಳಮನೆಯವನು ಏನೆಂದುಕೊಳ್ಳಬೇಕು? ಸೊಸೈಟಿಯ ಚುನಾವಣೆಗೆ ನಿಂತಿದ್ದಾರೆ ಎಂದುಕೊಂಡ. ಮನೆಯವರದ್ದೆಲ್ಲ ಸೇರಿಸಿ ವೋಟು ಹಾಕುವುದಾಗಿ ಮಾತೂ ಕೊಟ್ಟನಂತೆ!

ಇಂಥವರನ್ನು ಫೋನಿನಲ್ಲಿ ಬ್ಲಾಕ್ ಮಾಡಿ ನೆಮ್ಮದಿಯಾಗಿರಿ ಎಂದು ನಾನು ಬುದ್ಧಿ ಹೇಳಿದೆ. ಆಗ ಭಾವ ಅಂದದ್ದು:

"ಬ್ಲಾಕ್ ಮಾಡಿದರೆ ಅವನ ಬೇಸರ ನಮಗೆ ಕಾಣುವುದಿಲ್ಲ, ಅಷ್ಟೇ. ಬೇಸರ ಅಲ್ಲೇ ಉಂಟಲ್ಲ ಮಾರಾಯ್ರೆ."

ಸೂರತ್ತಿನದು ಇನ್ನೂ ಚೆನ್ನಾಗಿದೆ. ರೈಲಿನಲ್ಲಿ ಕಿಟಕಿ ಸೀಟಿಗಾಗಿ ಒಬ್ಬನ ಜೊತೆ ಜಗಳವಾಗಿತ್ತು. ಅವನ ಹೆಸರು ಗೊತ್ತಿಲ್ಲ, ವರಾಛಾದಲ್ಲಿ ವಜ್ರ ಉಜ್ಜುವ ಕೆಲಸ ಎಂಬುದಷ್ಟೇ ಗೊತ್ತು. ವರಾಛಾದಲ್ಲಿ ವಜ್ರ ಉಜ್ಜುವವನನ್ನು ಹುಡುಕುವುದೆಂದರೆ ಮಲ್ಪೆಯ ಬಂದರಿನಲ್ಲಿ ಮೀನು ಹಿಡಿಯುವವನನ್ನು ಹುಡುಕಿದ ಹಾಗೆ! ಆದರೂ ಭಾವ ಹೋದರು. ಸಂಜೆ ನಗುನಗುತ್ತಾ ಮರಳಿದರು. ಸಿಕ್ಕಿದನೇ ಎಂದರೆ ಇಲ್ಲವಂತೆ. ಅದೇ ಬಗೆಯ ಮೀಸೆಯ ಬೇರೊಬ್ಬ ಸಿಕ್ಕಿದ್ದ. ಇವರು ಕ್ಷಮೆ ಕೇಳಿದ ಮೇಲೆ ಅವನು ಚಹಾ ಕುಡಿಸಿ, ತನ್ನ ಹತ್ತಿರ ಈವರೆಗೆ ಯಾರೂ ಕ್ಷಮೆ ಕೇಳಿರಲಿಲ್ಲ ಎಂದನಂತೆ.

ಈ ಕಥೆಗಳನ್ನೆಲ್ಲ ಊರಿಗೆ ಹಂಚಿದವನು ನಾನೇ. ಅಭಿನಯ ಸಮೇತ. ಕಳೆದ ತಿಂಗಳು ಅಹಮದಾಬಾದಿನ ವಸ್ತ್ರಾಪುರದಲ್ಲಿ, ಮಗಳ ಮನೆಯಲ್ಲಿ, ಮೊಮ್ಮಗಳ ಹುಟ್ಟುಹಬ್ಬವಿತ್ತು. ನಾನು ಕಾಲೆಳೆಯುತ್ತಾ ಹೋಗಿ, ಫ್ರಿಜ್ಜಿಗೆ ಕೈಮುಗಿದು, "ತಪ್ಪು ನನ್ನದೇ, ಕ್ಷಮಿಸಬೇಕು" ಎಂದೆ. ಮನೆ ತುಂಬ ನಗು. ಕನ್ನಡ ಅಷ್ಟಕ್ಕಷ್ಟೇ ಬರುವ ಮೊಮ್ಮಗಳು, "ಅಜ್ಜ, ಫಿರ್ ಸೇ ಮಾಡಿ" ಎಂದಳು. ಮತ್ತೆ ಮಾಡಲು ತಿರುಗಿದರೆ ಬಾಗಿಲಲ್ಲಿ ಭಾವ, ಕೈಯಲ್ಲಿ ಮಗುವಿಗೆ ತಂದ ಗೊಂಬೆ.

ಅವರೂ ನಕ್ಕರು, ಕೇಕು ತಿಂದರು. ನಾನು ಮಾತ್ರ ನನ್ನ ತಟ್ಟೆಯ ಕೇಕನ್ನು ಮೊಮ್ಮಗಳಿಗೆ ದಾಟಿಸಿದೆ. ವಡೋದರದಲ್ಲಿ ನನ್ನ ಭಾಷೆಯಲ್ಲಿ ನನ್ನೊಂದಿಗೆ ನಗುವ ಮನುಷ್ಯ ಅವರೊಬ್ಬರೇ. ಅವರನ್ನು ಕಳೆದುಕೊಂಡೆನೇ? ಮರುದಿನದಿಂದ ಅವರ ಫೋನು ಬಂದರೆ ಎತ್ತುವ ಧೈರ್ಯವಾಗಲಿಲ್ಲ. "ಅಣ್ಣನ ಫೋನು. ಕೈಗೆ ಎಂತ ಆಗಿದೆ ನಿಮಗೆ?" ಎಂದು ಹೆಂಡತಿ ಕೇಳಿದಳು. ಕೊನೆಗೆ ನಾನು ಮಾಡಿದ್ದೇನು ಗೊತ್ತೇ? ಭಾವನನ್ನೇ ಬ್ಲಾಕ್ ಮಾಡಿದೆ. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಮೊದಲ ಭಾನುವಾರ ಬಂತು. ಮೈ ಬಿಸಿಯಾಗಿದೆ ಎಂದು ಸುಳ್ಳು ಹೇಳಿ ಮನೆಯಲ್ಲೇ ಉಳಿದೆ. ಹೆಂಡತಿ ಚರ್ಚಿಗೆ ಹೋದಳು. ಆರಾಧನೆ ಅರ್ಧವಾಗಿರಬೇಕು, ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಬಿಳಿ ಅಂಗಿ, ಕೋಟು, ಏದುಸಿರು.

"ಕವರು ಬೆಂಚಿನ ಮೇಲೆ ಉಂಟು ಭಾವ. ಬೇಗ ಹೇಳಿ, ನನ್ನ ಮೇಲೆ ನಿಮಗೆ ಎಂತ ಬೇಸರ?"

ಅವರು ನನ್ನನ್ನೂ ಭಾವ ಎಂದೇ ಕರೆಯುವುದು.

"ಬೇಸರ ನಿಮಗಿರಬೇಕು" ಎಂದೆ. "ಆಡಿಕೊಂಡವನು ನಾನು."

"ಅದು ನಿಮ್ಮ ಕಡೆಯ ಲೆಕ್ಕ, ನೀವೇ ನೋಡಿಕೊಳ್ಳಿ. ನೀವು ಫೋನು ಎತ್ತಲಿಲ್ಲ. ಹಾಗಾಗಿ ನಾನು ಬಂದೆ."

"ತಪ್ಪಾಯಿತು ಭಾವ." ಫ್ರಿಜ್ಜಿಗೆ ಎಷ್ಟು ಸಲೀಸಾಗಿ ಹೇಳಿದ್ದೆ! ಈಗ ಮಾತು ಹೊರಡುವುದೇ ಕಷ್ಟವಾಯಿತು.

"ಅಂಗಿ ಹಾಕಿಕೊಳ್ಳಿ. ರಿಕ್ಷಾ ಕಾಯ್ತಾ ಉಂಟು."

ರಿಕ್ಷಾ ಹೊರಟು ಮುಖ್ಯರಸ್ತೆಗೆ ಬಂತು. ಆಮೇಲೆ ಭಾವ ಕೆಮ್ಮಿ, "ಆ ದಿನ ಮಗುವಿನ ಎದುರು ಮಾಡಿದಿರಲ್ಲ, ಅದರಲ್ಲಿ ಒಂದು ತಪ್ಪುಂಟು" ಎಂದರು.

ನಾನು ತಲೆ ತಗ್ಗಿಸಿದೆ.

"ನೀವು ಎಡಗಾಲು ಎಳೆದಿರಿ. ನನ್ನದು ಬಲಗಾಲು."

ಚರ್ಚಿನಲ್ಲಿ ರೊಟ್ಟಿ ಕೊಡುವುದು ಇನ್ನೂ ಮುಗಿದಿರಲಿಲ್ಲ. ಕವರು ಇದ್ದಲ್ಲೇ ಇತ್ತು. ಸಾಲು ಮುಂದೆ ಸರಿದಾಗ ಭಾವ ನನ್ನ ಹೆಗಲು ಹಿಡಿದು ಎದ್ದರು. ಅವರ ಹೆಜ್ಜೆಗೆ ಹೆಜ್ಜೆ ಸೇರಿಸಿ ನಿಧಾನವಾಗಿ ನಡೆದೆ. ಹೌದು, ಬಲಗಾಲು. ಇಷ್ಟು ವರ್ಷ ನಕ್ಕಿದ್ದೆ, ನೋಡಿರಲೇ ಇಲ್ಲ.