ಹುಲ್ಲಿನ ಮೇಲೆ ಹಾಯಿ ಕಲಿಸಿದ ಕಾರ್ಯದರ್ಶಿಗಳಿಗೆ

ಹಾಯಿದೋಣಿ ಸಂಘದ ಕಾರ್ಯದರ್ಶಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಕೆರೆಯ ಮೇಲಿನ ಗಾಳಿಯೂ ತಮ್ಮ ಸಹಿ ಬಿದ್ದ ಮೇಲೆಯೇ ಬೀಸುತ್ತದೆಂದು ಕೇಳಿದ್ದೇನೆ. ಆದ್ದರಿಂದ ಮೊದಲು ತಮಗೆ, ಆಮೇಲೆ ಗಾಳಿಗೆ ನಮಸ್ಕಾರಗಳು.

ನನ್ನನ್ನೂ ನನ್ನ ಅಕ್ಕನನ್ನೂ ತಾವು "ಅಪಕ್ವ ನಾವಿಕರು" ಎಂದು ಸಾರಿ, ಈ ವರ್ಷವಿಡೀ ಕೆರೆಗೆ ಇಳಿಯಕೂಡದೆಂದು ಅಪ್ಪಣೆ ಹೊರಡಿಸಿದ್ದೀರಿ. ಅಕ್ಕ ಎರಡು ಬೇಸಿಗೆ ಮನೆ ಮುಂದಿನ ಓಣಿಯಲ್ಲಿ ಮರಳುಕಾಗದ ಉಜ್ಜಿ ಬದುಕಿಸಿದ ದೋಣಿ ಮತ್ತೆ ಅದೇ ಓಣಿಯಲ್ಲಿ ಟ್ರೈಲರ್ ಮೇಲೆ ಕೂತಿದೆ. ಈ ಅಪಕ್ವತೆ ನಮಗೆ ಹೇಗೆ ಒದಗಿತೆಂದು ಹೇಳದಿದ್ದರೆ ಗುರುದ್ರೋಹವಾದೀತು.

ತಮ್ಮ ಶಿಕ್ಷಣವೆಲ್ಲ ನಡೆದದ್ದು ಸಂಘದ ಹುಲ್ಲುಹಾಸಿನ ಮೇಲೆ. ಟ್ರೈಲರ್ ಚಕ್ರಗಳಿಗೆ ಇಟ್ಟಿಗೆ ಕೊಟ್ಟು, ಹಾಯಿ ಏರಿಸಿ, ತಾವು "ಗಾಳಿ ಎಡಕ್ಕೆ!" ಎಂದಾಗ ಎಡಕ್ಕೂ "ಬಲಕ್ಕೆ!" ಎಂದಾಗ ಬಲಕ್ಕೂ ನಾವು ಕಪ್ಪೆಗಳಂತೆ ನೆಗೆದೆವು. ಆ ಹುಲ್ಲಿನಲ್ಲಿ ಈವರೆಗೆ ಒಬ್ಬರೂ ಮುಳುಗಿಲ್ಲವೆಂಬ ತಮ್ಮ ಹೆಮ್ಮೆ ನ್ಯಾಯವಾದದ್ದೇ.

ಒಳಸೇರಿದ ನೀರು ಬಸಿಯಲು ಪ್ರತಿ ದೋಣಿಯ ಹಿಂಬದಿಯಲ್ಲೊಂದು ತೂತು, ಅದಕ್ಕೊಂದು ಹೆಬ್ಬೆರಳಿನಷ್ಟು ಬಿರಡೆ ಇರುತ್ತದಂತೆ. ಅನುಮತಿಯಿಲ್ಲದೆ ಯಾರೂ ಇಳಿಯಬಾರದೆಂದು ತಾವು ಎಲ್ಲರ ಬಿರಡೆ ಕಿತ್ತು ತಮ್ಮ ಡ್ರಾಯರಿನಲ್ಲಿ ಬೀಗ ಹಾಕಿಟ್ಟಿದ್ದಿರಂತೆ. "ಅಂತೆ" ಎನ್ನುವುದೇಕೆಂದರೆ, ಹುಲ್ಲು ದೋಣಿಯೊಳಗೆ ನುಗ್ಗುವುದಿಲ್ಲವಾದ್ದರಿಂದ ಪಾಠದಲ್ಲಿ ಬಿರಡೆಯ ಸುದ್ದಿಯೇ ಬರಲಿಲ್ಲ.

ಪರೀಕ್ಷೆಯ ದಿನ ಅಕ್ಕ, ಎಡಕ್ಕೆ ತಿರುಗಿಸಿದರೆ ಬಲಕ್ಕೆ ಓಡುವ ಟ್ರೈಲರನ್ನು ಹಿಮ್ಮುಖವಾಗಿ ಕೆರೆಯ ಇಳಿಜಾರಿಗೆ ತಂದಳು. ತಾವು ಸೀಟಿ ಊದಿದಿರಿ. ಹಾಯಿ ಉಬ್ಬಿತು, ದೋಣಿ ನಿಜಕ್ಕೂ ಹೊರಟಿತು; ಆ ಕ್ಷಣಕ್ಕೆ ತಮ್ಮ ಮೇಲಿನ ಸಿಟ್ಟೆಲ್ಲ ಮರೆತಿದ್ದೆ. ಆಮೇಲೆ ಪಾದ ಒದ್ದೆಯಾಯಿತು, ಆಮೇಲೆ ಮೊಣಕಾಲು. "ದೋಣಿ ನೀರ ಮೇಲೆ ಹೋಗ್ಬೇಕೋ, ನೀರೇ ದೋಣಿ ಹತ್ಬೇಕೋ, ನಿಮ್ಮ ಮೇಷ್ಟ್ರನ್ನ ಕೇಳೋ!" ಎಂದು ಅಕ್ಕ ಚೀರಿದಾಗ, ತಾವು ದಡದಿಂದ "ಬೆನ್ನು ನೆಟ್ಟಗೆ!" ಎಂದು ತಿದ್ದಿದಿರಿ. ಮುಳುಗುವಾಗಲೂ ಭಂಗಿ ಕೆಡಬಾರದೆಂಬ ಆ ಕಾಳಜಿಗೆ ಏನು ಹೇಳಲಿ! ನಾವು ಎದೆಮಟ್ಟದ ನೀರಿನಲ್ಲಿ ದೋಣಿ ಎಳೆದು ತರುವಷ್ಟರಲ್ಲಿ ತಾವು ತೀರ್ಪು ಬರೆದು ಮುಗಿಸಿದ್ದಿರಿ. ನಮ್ಮ ಬಿರಡೆ ತಮ್ಮ ಡ್ರಾಯರಿನಲ್ಲಿ ಸುಖವಾಗಿ ಒಣಗಿತ್ತು.

ನೀರು ಎಲ್ಲರದೆಂದು ಸಂಘದ ಕರಪತ್ರಗಳಲ್ಲಿ ಓದಿದ್ದೆ. ಡ್ರಾಯರ್ ಯಾರದೆಂದು ಅವು ಹೇಳಿರಲಿಲ್ಲ. ಆದ್ದರಿಂದ ಎರಡು ಬಿನ್ನಹ. ಎಲ್ಲರ ಬಿರಡೆ ಎಲ್ಲರಿಗೂ ಹಿಂದಿರುಗಿಸಿ, ನಮ್ಮ ಮೇಲಿನ ನಿಷೇಧ ತೆಗೆಯಿರಿ. ಅದಾಗದಿದ್ದರೆ ಕೆರೆಯ ಬಿರಡೆಯನ್ನೂ ಹುಡುಕಿ ಕಿತ್ತುಬಿಡಿ. ನೀರೆಲ್ಲ ಹರಿದುಹೋದ ಮೇಲೆ ಹುಲ್ಲು ಬೆಳೆಸಿದರೆ ಇಡೀ ಕೆರೆಯೇ ತಮ್ಮ ಪಾಠಕ್ಕೆ ಒಗ್ಗುತ್ತದೆ.

ತಮ್ಮ ವಿಶ್ವಾಸಿ,
ಎದೆಮಟ್ಟದ ಪದವೀಧರ

ವಿ.ಸೂ.: ಉತ್ತರದ ಶ್ರಮ ಬೇಡ. ಅಕ್ಕ ಹಳೆಯ ರಬ್ಬರ್ ಚಪ್ಪಲಿ ಕೊರೆದು ಬಿರಡೆ ಮಾಡಿದ್ದಾಳೆ, ಚೆನ್ನಾಗಿ ಕೂತಿದೆ. ಭಾನುವಾರ ಬೆಳಿಗ್ಗೆ ಇಳಿಯುತ್ತೇವೆ. ತಡೆಯಲು ಬರುವುದಾದರೆ ಬನ್ನಿ. ಆ ಜೋಡಿಯ ಇನ್ನೊಂದು ಚಪ್ಪಲಿ ಇನ್ನೂ ಅಕ್ಕನ ಬಳಿಯೇ ಇದೆ.